ಕ್ಯೂಬಿಕ್–ಬಿಬಿಆರ್ ಹೋಲಿಕೆ: ನೆಟೆಮ್‌ನಲ್ಲಿ ಒಂದು ಲೆಕ್ಕ, ಎನ್‌ಎಸ್-3ರಲ್ಲಿ ಇನ್ನೊಂದು. ಎಡವಟ್ಟು ಎಲ್ಲಿ?

ಬಿಟ್‌ಹುಳ ಕೇಳಿದ್ದು:

ಟಿಸಿಪಿ ಎಷ್ಟು ವೇಗವಾಗಿ ಡೇಟಾ ಕಳಿಸಬೇಕೆಂದು ನಿರ್ಧರಿಸುವ ಎರಡು ಅಲ್ಗಾರಿದಂ, ಕ್ಯೂಬಿಕ್ ಮತ್ತು ಬಿಬಿಆರ್. ಇವೆರಡರ ಥ್ರೂಪುಟ್ (ಸೆಕೆಂಡಿಗೆ ಸಾಗಿದ ಡೇಟಾ), ಫೇರ್‌ನೆಸ್ (ಲಿಂಕನ್ನು ಸಮನಾಗಿ ಹಂಚಿಕೊಳ್ಳುವುದು) ಹೋಲಿಸಿ ಪ್ರಬಂಧ ಬರೆಯಬೇಕಿದೆ. ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಸೆಟಪ್ ಹೀಗಿದೆ.

ಎರಡು ಲಿನಕ್ಸ್ ಯಂತ್ರ, ಮಧ್ಯೆ 1 ಗಿಗಾಬಿಟ್ ಕೇಬಲ್, ಬೇರೇನೂ ಇಲ್ಲ. ಕಳಿಸುವ ಯಂತ್ರದ ಇಂಟರ್‌ಫೇಸ್ ಮೇಲೇ ನೆಟೆಮ್ (ಬೇಕೆಂದೇ ತಡ, ನಷ್ಟ ಸೇರಿಸುವ ಲಿನಕ್ಸ್ ಸಾಧನ): ಡಿಲೇ 40 ಮಿಲಿಸೆಕೆಂಡ್, ಜಿಟ್ಟರ್ 5 ಮಿಲಿಸೆಕೆಂಡ್, ಲಾಸ್ 0.1%. ಅದರ ಕೆಳಗೆ ಟಿಬಿಎಫ್ (ವೇಗಕ್ಕೆ ಮಿತಿ ಹಾಕುವ ಟೋಕನ್ ಬುಟ್ಟಿ): ರೇಟ್ 100 ಮೆಗಾಬಿಟ್, ಬರ್ಸ್ಟ್ 32 ಕಿಲೋಬಿಟ್, ಲೇಟೆನ್ಸಿ 50 ಮಿಲಿಸೆಕೆಂಡ್. ವೇಗ ಅಳೆಯುವ ಐಪರ್ಫ್3 ಪ್ರತಿ ಸಲ 30 ಸೆಕೆಂಡ್ ಓಡುತ್ತದೆ.

ಸಿಕ್ಕಿದ್ದು ಇಷ್ಟು:

ಕ್ಯೂಬಿಕ್ ಒಂದೇ ಇದ್ದಾಗ ಸುಮಾರು 16 ಎಂಬಿಪಿಎಸ್. ಯಂತ್ರ ರೀಬೂಟ್ ಮಾಡಿದ ಮೇಲಿನ ಮೊದಲ ಓಟಕ್ಕೂ ನಂತರದ ಓಟಕ್ಕೂ ಹೊಂದಿಕೆಯಿಲ್ಲ.
ಬಿಬಿಆರ್ ಒಂದೇ ಇದ್ದಾಗ 90ರ ಆಸುಪಾಸು.
ಎರಡೂ ಒಟ್ಟಿಗೆ ಬಿಟ್ಟರೆ ಬಿಬಿಆರ್ 80, ಕ್ಯೂಬಿಕ್ 12. ಜೈನ್ ಫೇರ್‌ನೆಸ್ ಇಂಡೆಕ್ಸ್ (1 ಬಂದರೆ ಸಮಪಾಲು) 0.65 ಬರುತ್ತದೆ.
ಎನ್‌ಎಸ್-3 ಸಿಮ್ಯುಲೇಟರ್‌ನಲ್ಲಿ ಇದೇ ಲಿಂಕ್, ಲಾಸ್ ಇಲ್ಲದೆ: ಎರಡೂ ಅಲ್ಗಾರಿದಂ 26 ಎಂಬಿಪಿಎಸ್‌ಗೆ ನಿಂತುಬಿಡುತ್ತವೆ. ಲಿಂಕನ್ನು 200 ಮೆಗಾಬಿಟ್ ಮಾಡಿದರೂ ಅದೇ 26.

ಬಿಬಿಆರ್ ಕ್ಯೂಬಿಕ್‌ನ ಪಾಲು ಕಬಳಿಸುತ್ತದೆ ಅಂತ ಬರೆಯಬಹುದೇ? ಎನ್‌ಎಸ್-3 ಯಾಕೆ ಮೊಂಡು ಹಿಡಿದಿದೆ?

ಕ್ಯೂಕಾವಲುಗಾರ:

ಕಬಳಿಸುತ್ತದೆ ಅಂತ ಈ ಅಂಕಿಗಳಿಂದ ಬರೆಯಲು ಬರುವುದಿಲ್ಲ. ನಿಮ್ಮದೇ ಮೊದಲ ಸಾಲು ನೋಡಿ: ಕ್ಯೂಬಿಕ್‌ಗೆ ಇಡೀ ಲಿಂಕ್ ಬಿಟ್ಟುಕೊಟ್ಟಾಗಲೂ ಅದು ತಗೊಂಡಿದ್ದು 16. ಉಳಿದ 84 ಖಾಲಿ ಬಿದ್ದಿತ್ತು, ಬಿಬಿಆರ್ ಬಂದು ಅದನ್ನು ಬಳಸಿಕೊಂಡಿತು. ಕಿತ್ತುಕೊಂಡದ್ದು ಹೆಚ್ಚೆಂದರೆ 4. ನೀವು ಅಳೆದಿರುವುದು ಎರಡು ಅಲ್ಗಾರಿದಂಗಳ ಜಗಳವನ್ನಲ್ಲ, 0.1% ಯಾದೃಚ್ಛಿಕ ಲಾಸ್‌ಗೆ ಕ್ಯೂಬಿಕ್ ಎಷ್ಟು ಕುಗ್ಗುತ್ತದೆ ಎಂಬುದನ್ನು.

ಆ 16 ಎಲ್ಲಿಂದ ಬಂತು ಅಂತ ಕಾಗದದ ಮೇಲೆ ಹಾಕಿ ನೋಡೋಣ. ಮ್ಯಾಥಿಸ್ ಸೂತ್ರ (1997): ಥ್ರೂಪುಟ್ = (ಎಂಎಸ್‌ಎಸ್ ÷ ಆರ್‌ಟಿಟಿ) × 1.22 ÷ √ಲಾಸ್. ಎಂಎಸ್‌ಎಸ್ ಅಂದರೆ ಒಂದು ಪ್ಯಾಕೆಟ್‌ನಲ್ಲಿ ಹಿಡಿಯುವ ಡೇಟಾ, ಆರ್‌ಟಿಟಿ ಅಂದರೆ ಹೋಗಿ ಬರುವ ಸಮಯ. 1448 ಬೈಟ್, 0.04 ಸೆಕೆಂಡ್, 0.001 ಹಾಕಿದರೆ 11.2 ಎಂಬಿಪಿಎಸ್. ಇದು ರೆನೋ (ಹಳೆಯ ಟಿಸಿಪಿ ಅಲ್ಗಾರಿದಂ) ಲೆಕ್ಕ, ಕ್ಯೂಬಿಕ್‌ಗೆ ಹೇಗೆ ಅನ್ವಯ ಅಂತ ಕೇಳಬಹುದು. ಕ್ಯೂಬಿಕ್‌ನ ಅಧಿಕೃತ ದಾಖಲೆ ಆರ್‌ಎಫ್‌ಸಿ 9438ರಲ್ಲಿರುವ ಸರಾಸರಿ ವಿಂಡೋ (ಒಮ್ಮೆಗೆ ದಾರಿಯಲ್ಲಿಡುವ ಪ್ಯಾಕೆಟ್‌ಗಳ ಸಂಖ್ಯೆ) ಸೂತ್ರಕ್ಕೆ ಇದೇ ಬೆಲೆಗಳನ್ನು ಹಾಕಿದರೆ 17 ಪ್ಯಾಕೆಟ್ ಬರುತ್ತದೆ, ರೆನೋಗೆ 38–39. ಘನ ವಕ್ರರೇಖೆ ರೆನೋಗಿಂತ ಹಿಂದೆ ಬಿದ್ದಾಗ ಕ್ಯೂಬಿಕ್ ರೆನೋ ಹಾಗೇ ವರ್ತಿಸುತ್ತದೆ, ಹಾಗೆ ಮಾಡಬೇಕೆಂದೇ ಅದರಲ್ಲಿ ಬರೆದಿದೆ. ಹಾಗಾಗಿ ನಿಮಗೆ ಬರಬೇಕಿದ್ದದ್ದು 11, ಬಂದದ್ದು 16. ಈ ವ್ಯತ್ಯಾಸವೂ ಸುಮ್ಮನೆ ಬಂದಿಲ್ಲ. ಕಳಿಸುವ ಯಂತ್ರದಲ್ಲೇ ನೆಟೆಮ್ ಇದ್ದರೆ ಅದು ನೋಡುವುದು ತಂತಿ ಮೇಲಿನ ಪ್ಯಾಕೆಟ್ಟನ್ನಲ್ಲ, ಟಿಎಸ್‌ಓ (ಹಲವು ಪ್ಯಾಕೆಟ್‌ಗಳ ಡೇಟಾ ಒಟ್ಟಿಗೆ ನೆಟ್‌ವರ್ಕ್ ಕಾರ್ಡಿಗೆ ಕೊಡುವ ಆಫ್‌ಲೋಡ್) ಕಟ್ಟಿಕೊಟ್ಟ ಕಂತೆಯನ್ನು. ಈ ವೇಗಕ್ಕೆ ಕರ್ನೆಲ್ ಒಂದು ಕಂತೆಯಲ್ಲಿ ಸುಮಾರು 2 ಸೆಗ್ಮೆಂಟ್ ಇಡುತ್ತದೆ. ನೆಟೆಮ್ ಸಾವಿರ ಕಂತೆಗೊಂದನ್ನು ಬೀಳಿಸಿದರೆ ಲಾಸ್ ಘಟನೆ ಎರಡು ಸಾವಿರ ಸೆಗ್ಮೆಂಟಿಗೊಮ್ಮೆ ಆಯಿತು. ವರ್ಗಮೂಲದ ಲೆಕ್ಕದಲ್ಲಿ 11.2 × 1.41 = 15.8. ನಿಮ್ಮ 16 ಅದೇ.

ಇನ್ನು ಜಿಟ್ಟರ್. ನೆಟೆಮ್ ಪ್ರತಿ ಪ್ಯಾಕೆಟ್‌ಗೂ ಬೇರೆ ಬೇರೆ ಡಿಲೇ ಆರಿಸಿ, ಹೊರಡುವ ಸಮಯದ ಪ್ರಕಾರ ಸಾಲು ಜೋಡಿಸುತ್ತದೆ. 40 ± 5 ಅಂದರೆ 10 ಮಿಲಿಸೆಕೆಂಡ್ ಹರವು. 100 ಮೆಗಾಬಿಟ್‌ನಲ್ಲಿ 0.12 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಹೋಗುವುದರಿಂದ ಒಂದು ಪ್ಯಾಕೆಟ್ 80 ಸ್ಥಾನ ಹಿಂದುಮುಂದಾಗಬಹುದು. ನಿಜವಾದ ರೂಟರ್ ಕ್ಯೂನಲ್ಲಿ ಜಿಟ್ಟರ್ ಇರುತ್ತದೆ, ಈ ಪಾಟಿ ಅದಲುಬದಲು ಇರುವುದಿಲ್ಲ. ಲಿನಕ್ಸ್‌ನ ರ್ಯಾಕ್ (ಪ್ಯಾಕೆಟ್ ಬಿದ್ದಿದೆಯೇ ಎಂದು ಸಮಯ ನೋಡಿ ತೀರ್ಮಾನಿಸುವ ಭಾಗ) ಇದನ್ನು ಕ್ರಮೇಣ ಕಲಿತು ಸಹಿಸಿಕೊಳ್ಳುತ್ತದೆ, ಆದರೆ ಕಲಿಯುವ ತನಕ ಬೀಳದ ಪ್ಯಾಕೆಟ್‌ಗೂ ವಿಂಡೋ ಇಳಿಸುತ್ತದೆ.

ಮೊದಲ ಓಟ ಬೇರೆ, ನಂತರದ್ದು ಬೇರೆ ಆಗುವುದಕ್ಕೂ ಇದಕ್ಕೂ ನಂಟಿದೆ. ಮುಗಿದ ಕನೆಕ್ಷನ್‌ನ ಆರ್‌ಟಿಟಿ, ರಿಆರ್ಡರಿಂಗ್ ಬೆಲೆಗಳನ್ನು ಕರ್ನೆಲ್ ಆ ಐಪಿ ವಿಳಾಸದ ಹೆಸರಲ್ಲಿ ಎತ್ತಿಟ್ಟು ಮುಂದಿನ ಕನೆಕ್ಷನ್‌ಗೆ ಕೊಡುತ್ತದೆ. ಹಳೆಯ ಕರ್ನೆಲ್‌ಗಳು ಸ್ಲೋಸ್ಟಾರ್ಟ್ (ಆರಂಭದ ವೇಗದ ಏರಿಕೆ) ಮಿತಿಯನ್ನೂ ಎತ್ತಿಡುತ್ತಿದ್ದವು; 5.6ರಿಂದೀಚೆಗೆ ಡೀಫಾಲ್ಟ್ ಆಗಿ ಅದೊಂದನ್ನು ನಿಲ್ಲಿಸಿದ್ದಾರೆ. ಸಿಸ್‌ಸಿಟಿಎಲ್‌ನಲ್ಲಿ ಟಿಸಿಪಿ_ನೋ_ಮೆಟ್ರಿಕ್ಸ್_ಸೇವ್ 1 ಮಾಡಿ, ಪ್ರತಿ ಓಟಕ್ಕೂ ಮೊದಲು ಐಪಿ ಕಮಾಂಡಿನ ಟಿಸಿಪಿ_ಮೆಟ್ರಿಕ್ಸ್ ಫ್ಲಶ್ ಓಡಿಸಿ.

ಟಿಬಿಎಫ್ ಬರ್ಸ್ಟ್ 32 ಕಿಲೋಬಿಟ್ ಅಂದರೆ 4 ಸಾವಿರ ಬೈಟ್, ಮೂರು ಪ್ಯಾಕೆಟ್ಟೂ ಹಿಡಿಯದ ಬುಟ್ಟಿ. 100 ಮೆಗಾಬಿಟ್‌ನಲ್ಲಿ ಅದು 0.32 ಮಿಲಿಸೆಕೆಂಡಿಗೆ ತುಂಬುತ್ತದೆ. ಟೈಮರ್ ಅದಕ್ಕಿಂತ ತಡವಾಗಿ ಎದ್ದರೆ ಆ ನಡುವಿನ ಟೋಕನ್ ಹೋಯಿತು, ಲಿಂಕ್ 100 ಮುಟ್ಟುವುದೇ ಇಲ್ಲ. ಈ 32 ಕಿಲೋಬಿಟ್ ಎಲ್ಲೆಲ್ಲೂ ಕಾಪಿ ಆಗುತ್ತಿರುವ ಸಂಖ್ಯೆ, ನೂರಾರು ಕಿಲೋಬಿಟ್ ಲಿಂಕಿಗೆ ಸರಿ. 32 ಕಿಲೋಬೈಟ್ ಕೊಡಿ. ಅದಕ್ಕಿಂತ ಬಹಳ ದೊಡ್ಡದು ಬೇಡ. ಬುಟ್ಟಿ ತುಂಬಿದ್ದಾಗ ಅಷ್ಟೂ ಗಿಗಾಬಿಟ್ ವೇಗದಲ್ಲಿ ಹೊರಟು, ಸಣ್ಣ ಬಫರ್ ಪರೀಕ್ಷೆಯನ್ನು ಕೆಡಿಸುತ್ತದೆ.

ಈಗ ಮಾಡಬೇಕಾದ್ದು: ಮೂರನೇ ಯಂತ್ರವೊಂದನ್ನು ನಡುವೆ ರೂಟರ್ ಆಗಿ ಇಡಿ. ರಿಸೀವರ್ ಕಡೆಗಿನ ಅದರ ಇಂಟರ್‌ಫೇಸ್ ಮೇಲೆ ಬರೀ ಟಿಬಿಎಫ್, ಬಫರ್ ಬೈಟ್ ಲೆಕ್ಕದಲ್ಲಿ. ಸೆಂಡರ್ ಕಡೆಗಿನ ಇಂಟರ್‌ಫೇಸ್ ಮೇಲೆ, ಅಂದರೆ ಎಸಿಕೆಗಳು (ಡೇಟಾ ತಲುಪಿತು ಎನ್ನುವ ಉತ್ತರಗಳು) ಹಿಂತಿರುಗುವ ದಾರಿಯಲ್ಲಿ, ನೆಟೆಮ್ ಡಿಲೇ 40 ಮಿಲಿಸೆಕೆಂಡ್. ಜಿಟ್ಟರ್ ಬೇಡ, ಲಾಸ್ ಬೇಡ. ನೆಟೆಮ್‌ನ ಲಿಮಿಟ್ ಡೀಫಾಲ್ಟ್ 1000 ಪ್ಯಾಕೆಟ್, ಅದನ್ನು 10,000 ಮಾಡಿ. 100 ಮೆಗಾಬಿಟ್ × 40 ಮಿಲಿಸೆಕೆಂಡ್‌ಗೆ 333 ಪ್ಯಾಕೆಟ್ ಸಾಕು, ಆದರೆ ಮುಂದೆ 1 ಗಿಗಾಬಿಟ್‌ಗೆ ಹೋಗಿ ಡೇಟಾ ದಾರಿಯಲ್ಲಿ ಡಿಲೇ ಇಟ್ಟರೆ 3,333 ಬೇಕು. ಸಾಲದೆ ಬಂದಾಗ ನೆಟೆಮ್ಮೇ ಗುಟ್ಟಾಗಿ ಎರಡನೇ ಬಾಟಲ್‌ನೆಕ್ ಆಗಿಬಿಡುತ್ತದೆ. ಅದೂ ಸೆಂಡರ್‌ನಲ್ಲೇ ಇದ್ದರೆ, ಲಿಮಿಟ್ ತುಂಬಿ ಬಿದ್ದ ಪ್ಯಾಕೆಟ್ ಸುದ್ದಿ ಟಿಸಿಪಿಗೆ ತಕ್ಷಣ ಗೊತ್ತಾಗುತ್ತದೆ. ನಿಜವಾದ ಜಾಲದಲ್ಲಿ ಆ ಸುದ್ದಿ ಬರಲು ಒಂದು ಆರ್‌ಟಿಟಿ ಹಿಡಿಯುತ್ತದೆ.

ಸೆಂಡರ್ ಮೇಲೆ ರೂಟ್ ಕ್ಯೂಡಿಸ್ಕ್ (ಪ್ಯಾಕೆಟ್ ಸಾಲು ನಿಭಾಯಿಸುವ ಭಾಗ) ಎಫ್‌ಕ್ಯೂ ಇರಲಿ. 4.13ರ ನಂತರದ ಕರ್ನೆಲ್‌ನಲ್ಲಿ ಟಿಸಿಪಿ ತಾನೇ ಪೇಸಿಂಗ್ (ಪ್ಯಾಕೆಟ್‌ಗಳನ್ನು ಅಂತರ ಬಿಟ್ಟು ಕಳಿಸುವುದು) ಮಾಡುತ್ತದೆ, ಆದರೂ ಎಫ್‌ಕ್ಯೂ ಇದ್ದರೆ ಒಂದು ಅನುಮಾನ ಕಡಿಮೆ.

ಸಿಮ್ಯುಲೇಶನ್_ಸೀನು:

ಎನ್‌ಎಸ್-3 ಭಾಗಕ್ಕೆ ಉತ್ತರ ಚಿಕ್ಕದು. ಟಿಸಿಪಿ ಸಾಕೆಟ್‌ನ ಸೆಂಡ್ ಬಫರ್, ರಿಸೀವ್ ಬಫರ್ ಎರಡರ ಡೀಫಾಲ್ಟ್ 131072 ಬೈಟ್. 131072 × 8 ÷ 0.04 = 26.2 ಎಂಬಿಪಿಎಸ್. ಆರ್‌ಟಿಟಿ 40 ಇರುವ ತನಕ ಲಿಂಕ್ 100 ಆದರೇನು, 1000 ಆದರೇನು! ಎಸ್‌ಎನ್‌ಡಿಬಫ್‌ಸೈಜ್, ಆರ್‌ಸಿವಿಬಫ್‌ಸೈಜ್ ಎರಡನ್ನೂ ಸಾಕೆಟ್ ಹುಟ್ಟುವ ಮೊದಲೇ, ಅಂದರೆ ಅಪ್ಲಿಕೇಶನ್ ಇನ್‌ಸ್ಟಾಲ್ ಮಾಡುವ ಸಾಲುಗಳಿಗಿಂತ ಮೇಲೆ, ಡೀಫಾಲ್ಟ್ ಬದಲಿಸುವ ಸಾಲಿನಲ್ಲಿ 8 ಮೆಗಾಬೈಟ್‌ಗೆ ಏರಿಸಿ. ಸೆಗ್ಮೆಂಟ್‌ಸೈಜ್ ಡೀಫಾಲ್ಟ್ 536 ಬೈಟ್ ಇದೆ, 1448 ಮಾಡಿ. ಇಲ್ಲದಿದ್ದರೆ ಟೆಸ್ಟ್‌ಬೆಡ್‌ನ ಪ್ಯಾಕೆಟ್ ಲೆಕ್ಕಕ್ಕೂ ಸಿಮ್ಯುಲೇಶನ್ ಲೆಕ್ಕಕ್ಕೂ ತಾಳಮೇಳ ಇರುವುದಿಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಐಪಿ ವಿಳಾಸ ಹಂಚುವ ಹೊತ್ತಿಗೆ ಎನ್‌ಎಸ್-3 ನೀವು ಕೇಳದೆಯೇ ಇಂಟರ್‌ಫೇಸ್ ಮೇಲೆ ಒಂದು ಕ್ಯೂಡಿಸ್ಕ್ ಹಾಕುತ್ತದೆ. ಈಚಿನ ಆವೃತ್ತಿಗಳಲ್ಲಿ ಅದು ಎಫ್‌ಕ್ಯೂ-ಕೋಡೆಲ್. ಹೆಸರೇ ಹೇಳುವ ಹಾಗೆ ಅದು ಫ್ಲೋಗಳನ್ನು (ಒಂದೊಂದು ಕನೆಕ್ಷನ್‌ನ ಹರಿವನ್ನು) ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಿ ಸಮನಾಗಿ ಹಂಚುತ್ತದೆ. ಬಫರ್ ಸರಿಮಾಡಿದ ಮೇಲೆ ಫೇರ್‌ನೆಸ್ 0.99 ಬಂದರೆ ಹಿಗ್ಗಬೇಡಿ, ಅದು ಎಫ್‌ಕ್ಯೂ-ಕೋಡೆಲ್‌ನ ಕೆಲಸ. ಬಾಟಲ್‌ನೆಕ್ ಇಂಟರ್‌ಫೇಸ್‌ನಿಂದ ಅದನ್ನು ತೆಗೆದು, ಬೈಟ್ ಮಿತಿಯ ಸಾದಾ ಫೈಫೋ (ಬಂದ ಕ್ರಮದಲ್ಲೇ ಬಿಡುವ ಕ್ಯೂ) ಹಾಕಿ. ಡಿವೈಸ್‌ನ ಒಳಗಿನ ಕ್ಯೂ ಬೇರೆ ಇರುತ್ತದೆ, ಡೀಫಾಲ್ಟ್ 100 ಪ್ಯಾಕೆಟ್. ಎರಡೂ ಸೇರಿಯೇ ನಿಮ್ಮ ಬಫರ್. ಡಿವೈಸ್ ಕ್ಯೂ 1 ಪ್ಯಾಕೆಟ್‌ಗೆ ಇಳಿಸಿದರೆ ಲೆಕ್ಕ ಸಲೀಸು.

ಅರ್ಧಆರ್‌ಟಿಟಿ:

ಮೇಲಿನವರು ಆಫ್‌ಲೋಡ್ ವಿಷಯ ಅರ್ಧಕ್ಕೇ ಬಿಟ್ಟಿದ್ದಾರೆ. ನಡುವಿನ ರೂಟರ್‌ನಲ್ಲಿ ಜಿಆರ್‌ಓ ಆನ್ ಇದ್ದರೆ ಅದು ಬಂದ ಪ್ಯಾಕೆಟ್‌ಗಳನ್ನು 64 ಕಿಲೋಬೈಟ್ ತನಕ ಅಂಟಿಸಿ ಮುಂದೆ ಕೊಡುತ್ತದೆ. ನೆಟೆಮ್ ಎದುರಿನ ಕಂತೆ ಸಮಸ್ಯೆ ರೂಟರ್‌ಗೆ ವರ್ಗವಾಯಿತು, ಅಷ್ಟೆ. ಈಥ್‌ಟೂಲ್‌ನಲ್ಲಿ ಮೂರೂ ಯಂತ್ರಗಳ ಜಿಆರ್‌ಓ, ಜಿಎಸ್‌ಓ (ಟಿಎಸ್‌ಓ ಕೆಲಸದ ಸಾಫ್ಟ್‌ವೇರ್ ರೂಪ), ಟಿಎಸ್‌ಓ ಆಫ್ ಮಾಡಿ. 100 ಮೆಗಾಬಿಟ್‌ಗೆ ಸಿಪಿಯು ಮೇಲೆ ಹೊರೆಯೇನೂ ಬೀಳುವುದಿಲ್ಲ.

ಕ್ಯೂಕಾವಲುಗಾರ:

ರೂಟರ್‌ನಲ್ಲಿ ಆಫ್, ಒಪ್ಪಿದೆ. ತುದಿಯ ಯಂತ್ರಗಳಲ್ಲಿ ಬೇಡ ಅನ್ನುತ್ತೇನೆ. ನಿಜವಾದ ಸರ್ವರ್‌ಗಳಲ್ಲಿ ಟಿಎಸ್‌ಓ ಆನ್ ಇರುತ್ತದೆ, ಜಾಲಕ್ಕೆ ಬರುವ ಸಣ್ಣ ಸಣ್ಣ ಗುಂಪುಗಳು ಅದರಿಂದಲೇ. ರಿಸೀವರ್‌ನ ಜಿಆರ್‌ಓ ಆಫ್ ಮಾಡಿದರೆ ಎಸಿಕೆಗಳ ಸಂಖ್ಯೆ ಏರಿ, ಎಸಿಕೆ ನೋಡಿಕೊಂಡು ವೇಗ ಅಂದಾಜಿಸುವ ಬಿಬಿಆರ್‌ಗೆ ನಿಜದಲ್ಲಿ ಸಿಗದ ಅನುಕೂಲ ಸಿಗುತ್ತದೆ.

ಅರ್ಧಆರ್‌ಟಿಟಿ:

ಎನ್‌ಎಸ್-3 ಜೊತೆ ಹೋಲಿಸುವ ಓಟಕ್ಕೆ ಎಲ್ಲ ಕಡೆ ಆಫ್, ಯಾಕೆಂದರೆ ಅಲ್ಲಿ ಆಫ್‌ಲೋಡ್ ಎಂಬುದೇ ಇಲ್ಲ. ಮಿಕ್ಕ ಓಟಗಳಿಗೆ ನೀವು ಹೇಳಿದ ಹಾಗೆ. ಯಾವುದಾದರೂ ಸರಿ, ಪ್ರಬಂಧದಲ್ಲಿ ಒಂದು ಸಾಲು ಅದರ ಬಗ್ಗೆ ಇರಲೇಬೇಕು.

ಈಗ ಬಫರ್ ವಿಷಯ. ನನ್ನ ಪ್ರಕಾರ ಇಡೀ ಹೋಲಿಕೆ ನಿಂತಿರುವುದು ಇದರ ಮೇಲೆ. ನಿಮ್ಮ ಬಿಡಿಪಿ (ದಾರಿ ತುಂಬಲು ಬೇಕಾದಷ್ಟು ಡೇಟಾ) 100 ಮೆಗಾಬಿಟ್ × 40 ಮಿಲಿಸೆಕೆಂಡ್ = 500 ಕಿಲೋಬೈಟ್. ಟಿಬಿಎಫ್‌ಗೆ ಲೇಟೆನ್ಸಿ 50 ಕೊಟ್ಟಾಗ ನಿಮಗೇ ತಿಳಿಯದೆ 625 ಕಿಲೋಬೈಟ್ ಬಫರ್, ಅಂದರೆ 1.25 ಬಿಡಿಪಿ ಆರಿಸಿಕೊಂಡಿದ್ದೀರಿ. ಆ ಒಂದು ಬಿಂದುವಿನಲ್ಲಿ ಬಿಬಿಆರ್ ಗೆದ್ದಿತೋ ಸೋತಿತೋ ಎಂಬುದಕ್ಕೆ ಅರ್ಥವೇ ಇಲ್ಲ. ಮೇನ್‌ಲೈನ್ ಕರ್ನೆಲ್‌ನಲ್ಲಿರುವುದು ಬಿಬಿಆರ್ ಮೊದಲ ಆವೃತ್ತಿ. ಅದು ಲಾಸ್ ನೋಡಿ ವೇಗ ಇಳಿಸುವುದಿಲ್ಲ; ತಾನು ಅಂದಾಜಿಸಿದ ಬಿಡಿಪಿಯ 2 ಪಟ್ಟಿಗಿಂತ ಹೆಚ್ಚು ಡೇಟಾ ದಾರಿಯಲ್ಲಿಡುವುದಿಲ್ಲ ಅನ್ನುವುದೊಂದೇ ಅದರ ಕಡಿವಾಣ. ಬಫರ್ ಅರ್ಧ ಬಿಡಿಪಿ ಇದ್ದರೆ ಆ 2 ಪಟ್ಟು ಬಫರ್‌ನಲ್ಲಿ ಹಿಡಿಸದೆ ಪ್ಯಾಕೆಟ್ ಸುರಿಯುತ್ತದೆ. ಬಿಬಿಆರ್ ಕ್ಯಾರೇ ಅನ್ನುವುದಿಲ್ಲ, ಕ್ಯೂಬಿಕ್ ಮಾತ್ರ ಪ್ರತಿ ಸಲ ವಿಂಡೋವನ್ನು 0.7ಕ್ಕೆ ಇಳಿಸುತ್ತಾ ಕೂರುತ್ತದೆ. ಬಫರ್ 8 ಬಿಡಿಪಿ ಮಾಡಿ, ಆಟ ತಿರುಗುತ್ತದೆ: ಕ್ಯೂಬಿಕ್ ಇಡೀ ಬಫರ್ ತುಂಬಿಕೊಂಡು ಕೂತು, 2 ಬಿಡಿಪಿ ಮಿತಿಯ ಬಿಬಿಆರ್‌ಗೆ ಸಣ್ಣ ಪಾಲು ಉಳಿಯುತ್ತದೆ.

ಫ್ಲೋಗಳ ಸಂಖ್ಯೆಯೂ ಮುಖ್ಯ. ಒಂದೇ ಬಿಬಿಆರ್ ಫ್ಲೋ 16 ಕ್ಯೂಬಿಕ್ ಅಥವಾ ರೆನೋ ಫ್ಲೋಗಳ ಎದುರೂ ಸುಮಾರು 40% ಪಾಲು ಹಿಡಿದಿಟ್ಟುಕೊಳ್ಳುವುದನ್ನು 2019ರಲ್ಲಿ ಐಎಂಸಿ (ಇಂಟರ್ನೆಟ್ ಅಳತೆಯ) ಸಮ್ಮೇಳನದ ಪ್ರಬಂಧವೊಂದು ಮಾದರಿ ಕಟ್ಟಿ ವಿವರಿಸಿತು. ಒಂದಕ್ಕೆ ಒಂದು ಹೋಲಿಕೆಯಲ್ಲಿ ಇದು ಕಾಣಿಸುವುದೇ ಇಲ್ಲ, ನೋಡಲು ಫೇರ್ ಅನಿಸುತ್ತದೆ.

ಆದ್ದರಿಂದ 0.25, 0.5, 1, 2, 4, 8 ಬಿಡಿಪಿ ತಗೊಳ್ಳಿ. ಟಿಬಿಎಫ್ ಲಿಮಿಟ್ ಬೈಟ್‌ಗಳಲ್ಲಿ 1,25,000, 2,50,000, 5,00,000, 10,00,000, 20,00,000, 40,00,000. ಲೇಟೆನ್ಸಿ ಆಯ್ಕೆ ಬಿಟ್ಟು ಲಿಮಿಟ್ ಆಯ್ಕೆಯನ್ನೇ ಬಳಸಿ.

30 ಸೆಕೆಂಡ್ ಓಟ ಯಾವುದಕ್ಕೂ ಸಾಲದು. 1 ಬಿಡಿಪಿ ಬಫರ್‌ನಲ್ಲಿ ಕ್ಯೂಬಿಕ್‌ನ ಗರಿಷ್ಠ ವಿಂಡೋ ಸುಮಾರು 667 ಪ್ಯಾಕೆಟ್. ಲಾಸ್ ಆದ ಮೇಲೆ ಅಲ್ಲಿಗೆ ಮರಳಲು ಬೇಕಾದ ಸಮಯ 667 × 0.3 ÷ 0.4ರ ಘನಮೂಲ, ಹತ್ತಿರ ಹತ್ತಿರ 8 ಸೆಕೆಂಡ್. 30 ಸೆಕೆಂಡಲ್ಲಿ ಮೂರೋ ನಾಲ್ಕೋ ಗರಗಸದ ಹಲ್ಲು ಸಿಗುತ್ತವೆ. ಬಿಬಿಆರ್ 10 ಸೆಕೆಂಡಿಗೊಮ್ಮೆ ಕನಿಷ್ಠ 200 ಮಿಲಿಸೆಕೆಂಡ್ 4 ಪ್ಯಾಕೆಟ್‌ಗೆ ಇಳಿದು ಆರ್‌ಟಿಟಿ ಅಳೆಯುತ್ತದೆ, ಅದೂ ಮೂರೇ ಸಲ ಆಗುತ್ತದೆ. 180 ಸೆಕೆಂಡ್ ಓಡಿಸಿ, ಐಪರ್ಫ್3ಯ ಓಮಿಟ್ ಆಯ್ಕೆಯಿಂದ ಮೊದಲ 20 ಸೆಕೆಂಡ್ ಬಿಡಿ.

ಬಿಟ್‌ಹುಳ:

ಎಲ್ಲರಿಗೂ ಧನ್ಯವಾದ. ಮೂರು ಯಂತ್ರದ ಸೆಟಪ್ ಆಯಿತು, ಲಾಸ್ ಮತ್ತು ಜಿಟ್ಟರ್ ತೆಗೆದೆ. ಒಂಟಿ ಓಟದಲ್ಲಿ ಎರಡೂ 95 ದಾಟುತ್ತಿವೆ. ಎನ್‌ಎಸ್-3ರಲ್ಲೂ 26ರ ಗೋಡೆ ಒಡೆಯಿತು.

ಇನ್ನು ಎರಡು ಪ್ರಶ್ನೆ. 95.6 ಎಂಬುದು ಸಂಶಯದ ಸಂಖ್ಯೆಯೇ? 94.1 ದಾಟಬಾರದು ಅಂತ ಓದಿದ ನೆನಪು. ಮತ್ತೆ, 8 ಬಿಡಿಪಿ ಬಫರ್‌ನಲ್ಲಿ ಕ್ಯೂಬಿಕ್ ಒಂಟಿಯಾಗಿ ಓಡಿದಾಗ ರಿಟ್ರಾನ್ಸ್‌ಮಿಟ್ ಸೊನ್ನೆ. ಬಫರ್ ತುಂಬಲೇ ಇಲ್ಲವೇ?

ಕ್ಯೂಕಾವಲುಗಾರ:

95.6 ಸರಿಯಾಗಿದೆ. 94.1 ನಿಜವಾದ 100 ಮೆಗಾಬಿಟ್ ಈಥರ್ನೆಟ್ ತಂತಿಯ ಲೆಕ್ಕ: ಪ್ರತಿ 1448 ಬೈಟ್ ಡೇಟಾಕ್ಕೆ ಪ್ರಿಆಂಬಲ್, ಚೆಕ್‌ಸಮ್, ಫ್ರೇಮ್‌ಗಳ ನಡುವಿನ ಅಂತರ ಸೇರಿ 1538 ಬೈಟ್ ಸಮಯ. ಟಿಬಿಎಫ್ ಎಣಿಸುವುದು 14 ಬೈಟ್ ಹೆಡರ್ ಸೇರಿದ 1514 ಮಾತ್ರ. 1448 ÷ 1514 = 95.6%. ಇದಕ್ಕಿಂತ ಮೇಲೆ ಹೋದರೆ ಆಗ ಗಾಬರಿಯಾಗಿ.

ಎರಡನೆಯದಕ್ಕೆ: ಹೌದು, ತುಂಬಲಿಲ್ಲ. 8 ಬಿಡಿಪಿ ಬಫರ್ ತುಂಬಲು ದಾರಿಯಲ್ಲಿ 9 ಬಿಡಿಪಿ, ಅಂದರೆ 4.5 ಮೆಗಾಬೈಟ್ ಇರಬೇಕು. ಲಿನಕ್ಸ್‌ನಲ್ಲಿ ಟಿಸಿಪಿ_ಡಬ್ಲ್ಯೂಮೆಮ್ (ಸೆಂಡ್ ಬಫರ್) ಗರಿಷ್ಠ ಡೀಫಾಲ್ಟ್ 4194304 ಬೈಟ್, ಟಿಸಿಪಿ_ಆರ್‌ಮೆಮ್ (ರಿಸೀವ್ ಬಫರ್) ಗರಿಷ್ಠ, ತೀರಾ ಈಚಿನ ಕರ್ನೆಲ್‌ಗಳಿಗೆ ಮೊದಲು, 6291456. ರಿಸೀವ್ ಬಫರ್‌ನ ಒಂದು ಭಾಗ ಕರ್ನೆಲ್‌ನ ಲೆಕ್ಕಪತ್ರಕ್ಕೇ ಹೋಗುತ್ತದೆ, ಇಡೀ 6 ಮೆಗಾಬೈಟ್ ವಿಂಡೋ ಆಗಿ ಸಿಗುವುದಿಲ್ಲ. ಓಟ ನಡೆಯುತ್ತಿರುವಾಗ ಸೆಂಡರ್‌ನಲ್ಲಿ, ಸಾಕೆಟ್ ಸ್ಥಿತಿ ತೋರಿಸುವ ಎಸ್‌ಎಸ್ ಕಮಾಂಡನ್ನು ಟಿ, ಐ, ಎನ್ ಆಯ್ಕೆಗಳೊಂದಿಗೆ ಕೊಟ್ಟು ನೋಡಿ. ಆರ್‌ಡಬ್ಲ್ಯೂಎನ್‌ಡಿ_ಲಿಮಿಟೆಡ್ ಅಥವಾ ಎಸ್‌ಎನ್‌ಡಿಬಫ್_ಲಿಮಿಟೆಡ್ ಎಂದು ಶೇಕಡಾವಾರು ಕಂಡರೆ ಆ ಓಟದಲ್ಲಿ ನೀವು ಅಳೆದದ್ದು ಸಾಕೆಟ್ ಬಫರನ್ನು, ಕ್ಯೂಬಿಕ್ಕನ್ನಲ್ಲ. ಎರಡರ ಗರಿಷ್ಠವನ್ನೂ ಎರಡೂ ತುದಿಯಲ್ಲಿ 32 ಮೆಗಾಬೈಟ್ ಮಾಡಿ.

ಅದೇ ಎಸ್‌ಎಸ್ ಸಾಲನ್ನು 100 ಮಿಲಿಸೆಕೆಂಡಿಗೊಮ್ಮೆ ಫೈಲಿಗೆ ಬರೆಸಿಕೊಳ್ಳಿ. ಸಿಡಬ್ಲ್ಯೂಎನ್‌ಡಿ (ವಿಂಡೋ), ಆರ್‌ಟಿಟಿ, ರಿಟ್ರಾನ್ಸ್ (ಮರುಕಳಿಸಿದ್ದು), ಡೆಲಿವರಿ_ರೇಟ್ ನಾಲ್ಕೂ ಅದರಲ್ಲಿವೆ. ರೂಟರ್ ಕಡೆ ಟಿಸಿ ಕಮಾಂಡಿನ ಅಂಕಿಅಂಶದಲ್ಲಿ ಡ್ರಾಪ್ ಸಂಖ್ಯೆ ಸಿಗುತ್ತದೆ. ಡ್ರಾಪ್‌ಗೂ ರಿಟ್ರಾನ್ಸ್‌ಗೂ ಹೆಚ್ಚು ಕಡಿಮೆ ತಾಳೆಯಾಗಬೇಕು. ರಿಟ್ರಾನ್ಸ್ ಬಹಳ ಹೆಚ್ಚಿದ್ದರೆ ಎಲ್ಲೋ ಅದಲುಬದಲು ಆಗುತ್ತಿದೆ, ಅಥವಾ ನೀವು ನೋಡದ ಇನ್ನೊಂದು ಕ್ಯೂ ಪ್ಯಾಕೆಟ್ ಬೀಳಿಸುತ್ತಿದೆ.

ಸಿಮ್ಯುಲೇಶನ್_ಸೀನು:

ಪುನರಾವರ್ತನೆ ಬಗ್ಗೆ ಯಾರೂ ಹೇಳಿಲ್ಲ. ಎನ್‌ಎಸ್-3ರಲ್ಲಿ ಎರಡು ಫ್ಲೋಗಳನ್ನು ಸರಿಯಾಗಿ 0 ಸೆಕೆಂಡಿಗೆ ಶುರುಮಾಡಿದರೆ ಡ್ರಾಪ್‌ಟೇಲ್ (ತುಂಬಿದ ಮೇಲೆ ಬಂದದ್ದನ್ನು ಬೀಳಿಸುವ) ಕ್ಯೂನಲ್ಲಿ ಒಂದೇ ಫ್ಲೋದ ಪ್ಯಾಕೆಟ್ ಪದೇ ಪದೇ ತುಂಬಿದ ಬಫರ್‌ಗೆ ಬಂದು ಬೀಳುತ್ತದೆ. ಸ್ಯಾಲಿ ಫ್ಲಾಯ್ಡ್ ಮತ್ತು ವ್ಯಾನ್ ಜೇಕಬ್ಸನ್ 1990ರ ದಶಕದ ಆರಂಭದಲ್ಲೇ ಇದನ್ನು ಫೇಸ್ ಎಫೆಕ್ಟ್ ಅಂತ ತೋರಿಸಿದ್ದರು. ಶುರುವಾಗುವ ಸಮಯಕ್ಕೆ ಸಣ್ಣ ಯಾದೃಚ್ಛಿಕ ಅಂತರ ಕೊಡಿ. ಯಾದೃಚ್ಛಿಕ ಸಂಖ್ಯೆಗಳ ಸೀಡ್ ಹಾಗೇ ಇಟ್ಟು ಆರ್‌ಎನ್‌ಜಿರನ್ ಸಂಖ್ಯೆ ಮಾತ್ರ ಓಟದಿಂದ ಓಟಕ್ಕೆ ಏರಿಸಿ.

ಟೆಸ್ಟ್‌ಬೆಡ್‌ನಲ್ಲಿ ಯಾರು ಮೊದಲು ಹೊರಟರು ಎಂಬುದನ್ನೂ ಅದಲುಬದಲು ಮಾಡಿ ನೋಡಿ. ಕ್ಯೂಬಿಕ್ ಮೊದಲೇ ಬಫರ್ ತುಂಬಿಸಿ ಕೂತಿದ್ದರೆ ತಡವಾಗಿ ಬಂದ ಬಿಬಿಆರ್ ಕ್ಯೂ ಸೇರಿದ ಆರ್‌ಟಿಟಿಯನ್ನೇ ಕನಿಷ್ಠ ಅಂದುಕೊಳ್ಳುತ್ತದೆ. 40ರ ಬದಲು 80 ಅಂದುಕೊಂಡರೆ ಅದರ 2 ಬಿಡಿಪಿ ಮಿತಿಯೂ ದುಪ್ಪಟ್ಟಾಯಿತು. ಎರಡೂ ಕ್ರಮದ ಓಟಗಳನ್ನು ಬೆರೆಸಿ ಸರಾಸರಿ ತೆಗೆಯಬೇಡಿ, ಬೇರೆ ಬೇರೆ ಗ್ರಾಫ್ ಕೊಡಿ.

ಐಪರ್ಫ್3 ಕೊಡುವ ಸೆಕೆಂಡಿಗೊಂದು ಅಂಕಿಯನ್ನು ಸ್ಯಾಂಪಲ್ ಅಂತ ಎಣಿಸಿ ಕಾನ್ಫಿಡೆನ್ಸ್ ಇಂಟರ್ವಲ್ ಹಾಕುವವರೂ ಇದ್ದಾರೆ. ಒಂದು ಸೆಕೆಂಡಿನ ವಿಂಡೋ ಹಿಂದಿನ ಸೆಕೆಂಡಿನದ್ದರಿಂದಲೇ ಹುಟ್ಟುವುದು, ಅವು ಸ್ವತಂತ್ರ ಅಲ್ಲ. ಒಂದು ಇಡೀ ಓಟದ ಸರಾಸರಿ ಒಂದು ಸ್ಯಾಂಪಲ್. ಹಾಗೆ ಎಣಿಸಿದರೆ ಪಟ್ಟಿ ಅಗಲವಾಗುತ್ತದೆ, ಆಗಲಿ.

ಅರ್ಧಆರ್‌ಟಿಟಿ:

ಜೈನ್ ಇಂಡೆಕ್ಸ್ ಬಗ್ಗೆ ಒಂದು ಮಾತು. ಎರಡೇ ಫ್ಲೋ ಇದ್ದಾಗ ಅದರ ಕನಿಷ್ಠ ಬೆಲೆ 0.5, ಸೊನ್ನೆ ಅಲ್ಲ. 90ಕ್ಕೆ 10 ಹಂಚಿಕೆಯೂ 0.61 ಅಂತ ಮರ್ಯಾದಸ್ಥ ಸಂಖ್ಯೆಯಾಗಿ ಕಾಣುತ್ತದೆ. ಜೊತೆಗೆ, ಯಾರು ಹೆಚ್ಚು ತಗೊಂಡರು ಅಂತ ಅದು ಹೇಳುವುದೇ ಇಲ್ಲ, 0.25 ಬಿಡಿಪಿಯಲ್ಲೂ 8 ಬಿಡಿಪಿಯಲ್ಲೂ ಒಂದೇ 0.61 ಬಂದು ಗೆದ್ದವರು ಬೇರೆಯಾಗಿರಬಹುದು. ಅಡ್ಡ ಅಕ್ಷದಲ್ಲಿ ಬಫರ್ ಬಿಡಿಪಿ ಲೆಕ್ಕದಲ್ಲಿ, ಲಂಬ ಅಕ್ಷದಲ್ಲಿ ಬಿಬಿಆರ್‌ನ ಪಾಲು ಶೇಕಡಾವಾರು. ಪಕ್ಕದಲ್ಲೇ ಅದೇ ಅಡ್ಡ ಅಕ್ಷಕ್ಕೆ ಸರಾಸರಿ ಆರ್‌ಟಿಟಿಯ ಗ್ರಾಫ್. 8 ಬಿಡಿಪಿ ತುಂಬಿದರೆ ಆರ್‌ಟಿಟಿ 360 ಮಿಲಿಸೆಕೆಂಡ್ ಮುಟ್ಟುತ್ತದೆ, ಥ್ರೂಪುಟ್ ಗ್ರಾಫ್ ಒಂದನ್ನೇ ಹಾಕಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬಿಟ್‌ಹುಳ:

ಆರ್‌ಮೆಮ್, ಡಬ್ಲ್ಯೂಮೆಮ್ ಏರಿಸಿದ ಮೇಲೆ 8 ಬಿಡಿಪಿಯಲ್ಲಿ ರಿಟ್ರಾನ್ಸ್ ಕಾಣಿಸಿಕೊಂಡಿತು, ಎಸ್‌ಎಸ್‌ನಲ್ಲಿ ಆರ್‌ಟಿಟಿ 350ರ ಮೇಲೆ ಹೋಗಿ ಇಳಿಯುತ್ತಿದೆ. ಟಿಸಿಯ ಡ್ರಾಪ್ ಸಂಖ್ಯೆಗೂ ತಾಳೆಯಾಗುತ್ತಿದೆ. ಆರು ಬಫರ್, ಎರಡು ಹೊರಡುವ ಕ್ರಮ, ಆಫ್‌ಲೋಡ್ ಆನ್ ಮತ್ತು ಆಫ್ ಸೇರಿಸಿ ಸ್ಕ್ರಿಪ್ಟ್ ಓಡಲು ಬಿಟ್ಟಿದ್ದೇನೆ. 0.1% ಲಾಸ್ ಪರೀಕ್ಷೆಯನ್ನು ಫೇರ್‌ನೆಸ್ ಭಾಗದಿಂದ ತೆಗೆದು, ರೂಟರ್‌ನಲ್ಲಿ ನೆಟೆಮ್ ಲಾಸ್ ಹಾಕಿ ಒಂಟಿ ಫ್ಲೋಗೆ ಮಾತ್ರ ಬೇರೆ ವಿಭಾಗದಲ್ಲಿ ಕೊಡುತ್ತೇನೆ. ಅಲ್ಲಿ ಕ್ಯೂಬಿಕ್‌ಗೆ 11ರ ಹತ್ತಿರ ಬರದಿದ್ದರೆ ಇಲ್ಲೇ ಬಂದು ಕೇಳುತ್ತೇನೆ.